ಗೋಡೆಯಾಚೆ ಕೇಳುತ್ತಿದ್ದವರು

“ಬಾ ಬೇಟಿ, ಒಳಗ ಬಾ. ಬಿಸಲಾಗ ಯಾಕ ನಿಂತಿ?” ಎಂದು ಜೈತುನಬೀ ಬಾಗಿಲು ತೆರೆದರು.

ಖುಶ್ನುಮಾ ಹೊಸ್ತಿಲಲ್ಲೇ ಒಂದು ಕ್ಷಣ ನಿಂತಳು.

ಬೆಳಗಾವಿಯ ಅನಗೋಳದ ಈ ಓಣಿಯಲ್ಲೇ ಅವಳು ಹುಟ್ಟಿ ಬೆಳೆದದ್ದು. ಚಿಕ್ಕಮ್ಮನಂತಿದ್ದ ಜೈತುನಬೀ ಖಾಲಾ ಅವಳನ್ನು ಬೈದದ್ದು, ಮುದ್ದು ಮಾಡಿದ್ದು, ತಾಯಿ ತೀರಿಕೊಂಡಾಗ ಮಡಿಲಲ್ಲಿ ಮಲಗಿಸಿಕೊಂಡು ಸಮಾಧಾನ ಹೇಳಿದ್ದು, ಎಲ್ಲವೂ ಮನೆಮಾತಾದ ಉರ್ದುವಿನಲ್ಲಿ. ಇವತ್ತು ಮಾತ್ರ ಖಾಲಾ ಕನ್ನಡದಲ್ಲಿ ಕರೆಯುತ್ತಿದ್ದರು. ಅದೂ ಹಿಂದಿನ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ.

ಅವಳು ಉರ್ದುವಿನಲ್ಲೇ ಸಲಾಂ ಹೇಳಿ, ಮೊಣಕಾಲು ನೋವು ಹೇಗಿದೆ ಎಂದು ಕೇಳಿದಳು.

ಖಾಲಾ ಮತ್ತೆ ಕನ್ನಡದಲ್ಲೇ ಉತ್ತರ ಕೊಟ್ಟರು. “ಅಲ್ಲಾನ ದಯಾ, ಚಲೋ ಅದೀನಿ. ಒಬ್ಬಾಕೀನ ಅದೀನಿ ನೋಡು ಮನ್ಯಾಗ. ಯಾರೂ ಇಲ್ಲ.”

ಯಾರಿದ್ದಾರೆ ಎಂದು ಅವಳೇನೂ ಕೇಳಿರಲಿಲ್ಲ.

ಪೊಲೀಸ್ ವೈರ್‌ಲೆಸ್ ವಿಭಾಗದಲ್ಲಿ ಬಹಳ ವರ್ಷ ದುಡಿದು, ನೌಕರಿ ಬಿಟ್ಟು, ಈಗ ಕಳೆದುಹೋದವರನ್ನು ಹುಡುಕಿಕೊಡುವ ಕೆಲಸ ಮಾಡುತ್ತಿದ್ದ ಖುಶ್ನುಮಾ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅವಳು ಈಗ ಹುಡುಕುತ್ತಿದ್ದದ್ದು ಮುತ್ತಪ್ಪನವರನ್ನು. ಜಾಂಬೋಟಿ ಬದಿಯ ಒಂದು ಹಟ್ಟಿಯ ಸಾತೇರಿ ಗುಡಿಯಿಂದ ದೇವಿಯ ಬೆಳ್ಳಿ ಮುಖವಾಡ ಹೋಗಿತ್ತು. ಗುಡಿಯ ಕೀಲಿ ಇಟ್ಟುಕೊಂಡಿದ್ದ ಮುತ್ತಪ್ಪನವರೂ ಅದರ ಹಿಂದೆಯೇ ಕಾಣೆಯಾಗಿದ್ದರು. ನಾಳೆ ಮುಂಜಾನೆಯೊಳಗೆ ಅವರು ಬಂದು ಮಾತಾಡದಿದ್ದರೆ ಖಾನಾಪುರದ ಠಾಣೆಯಲ್ಲಿ ಅವರ ಹೆಸರಿಗೆ ಕಳ್ಳತನದ ದೂರು ದಾಖಲಾಗುತ್ತಿತ್ತು.

ದೂರು ಕೊಡಬೇಕಾದವರು ಗುಡಿಯ ಪಂಚರಲ್ಲಿ ಹಿರಿಯರಾದ ರಾಮಲಿಂಗ. ಎರಡು ಸಲ ಠಾಣೆಯ ಮೆಟ್ಟಿಲತನಕ ಹೋಗಿ ವಾಪಸು ಬಂದಿದ್ದರು. “ಮುತ್ತ್ಯಾ ನನ್ನಕೂಡ ಸಾಲಿ ಕಲ್ತಾಂವರಿ. ನನ್ನ ಪಾಟಿ ಒಡದಾಗ ತನ್ನ ಪಾಟಿ ಕೊಟ್ಟಾಂವ. ನಾಳಿತನಕಾ ಕಾಯ್ತೀನಿ. ಅದರ ಮ್ಯಾಲ ಮಂದಿ ನನ್ನ ಕೇಳೂದಿಲ್ಲ,” ಎಂದಿದ್ದರು.

ಮುತ್ತಪ್ಪನವರ ಮಗಳು ಪೂನಮ ಖಾನಾಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಖುಶ್ನುಮಾಳನ್ನು ಹುಡುಕಿಕೊಂಡು ಬಂದವಳು ಅವಳೇ. “ನಮ್ಮಪ್ಪ ಕಳ್ಳ ಅಲ್ಲಕ್ಕಾ,” ಎಂದು ಒಂದೇ ಸಲ ಹೇಳಿದ್ದಳು. ಆಮೇಲೆ ಬರೀ ಅಪ್ಪ ಉಂಡಿರಬಹುದೇ, ಎಲ್ಲಿ ಮಲಗುತ್ತಿರಬಹುದು ಎನ್ನುವ ಮಾತು. “ಕಂಬಳಿ ಸುದ್ದಾ ಬಿಟ್ಟ ಹೋಗ್ಯಾನ. ರೇಡಿಯೋ ಒಂದ ಒಯ್ದಾನ. ಅಣ್ಣ ಮಾಯಪ್ಪ ಅಡವಿ ತುಂಬ ಹುಡುಕ್ಯಾಡಾಕತ್ತಾನ. ಅವನೂ ಸರಿಯಾಗಿ ಉಣವಲ್ಲ.”

ಪಟ್ಟಣದಲ್ಲಿ ಮುತ್ತಪ್ಪನವರಿಗೆ ಗುರುತಿನ ಮನೆಗಳು ಬಹಳ ಇರಲಿಲ್ಲ. ಅವುಗಳಲ್ಲಿ ಇದೂ ಒಂದು. ಜೈತುನಬೀಯವರ ಗಂಡ ಮುನಾಫ ಬದುಕಿದ್ದಾಗ ಜಾಂಬೋಟಿಯ ಹಟ್ಟಿಗಳಿಂದ ಹಾಲು ಕಾಯಿಸಿ ಮಾಡಿದ ಖವಾ ತುಂಬಿಕೊಂಡು ಬಂದು ಬೆಳಗಾವಿಯ ಕುಂದಾ ಅಂಗಡಿಗಳಿಗೆ ಹಾಕುತ್ತಿದ್ದರು. ಆದರೆ ಖುಶ್ನುಮಾ ಇವತ್ತು ಇಲ್ಲಿಗೆ ಬಂದದ್ದು ಆ ಹಳೆಯ ಪರಿಚಯದ ನೆನಪಿನಿಂದಲ್ಲ. ಓಣಿಯ ಬಾಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡ ಸಿದ್ದಕ್ಕನ ಚೇಷ್ಟೆಯಿಂದ.

“ನಿಮ್ಮ ಖಾಲಾ ಮಾಳಕರಿ ಆಗ್ಯಾಳೇನವಾ?” ಎಂದು ಸಿದ್ದಕ್ಕ ನಕ್ಕಿದ್ದಳು. “ಏಕಾದಶಿ ದಿನಾ ಬಂದು ಸಾಬೂದಾಣಿ ಒಯ್ದಾಳ. ಶೇಂಗಾ ಒಯ್ದಾಳ. ಹೊಸಾ ಪಾತೇಲಿ ಒಂದ, ಹೊಸಾ ಸೌಟ ಒಂದ. ಪಂಢರಪುರಕ್ಕ ಹೊಂಟರ ನನಗೂ ಹೇಳಂತ ಹೇಳು, ಜೋಡೀಲೆ ಹೋಗೂಣು!”

ಖುಶ್ನುಮಾಳೂ ನಕ್ಕಿದ್ದಳು. ನಗುತ್ತಲೇ ಈ ಮನೆಯ ಕಡೆ ತಿರುಗಿದ್ದಳು. ಮುತ್ತಪ್ಪನವರು ಕೊರಳಲ್ಲಿ ತುಳಸಿ ಮಾಲೆ ಹಾಕಿಕೊಂಡ ಮಾಳಕರಿ, ವಿಠ್ಠಲನ ಭಕ್ತರು. ಮಾಂಸ ಬೇಯಿಸಿದ ಪಾತ್ರೆಯಲ್ಲಿ ಮಾಡಿದ್ದನ್ನು ಉಣ್ಣುವವರಲ್ಲ, ಏಕಾದಶಿ ತಪ್ಪಿಸುವವರಲ್ಲ. ಅತಿಥಿಯ ನೇಮ ಕೆಡಬಾರದೆಂದು ಹೊಸ ಪಾತ್ರೆ ಕೊಂಡ ಮನೆಯಲ್ಲಿ ಅವರಿದ್ದರೆ, ಅವರಿಗೆ ಯಾವ ಕೇಡೂ ಆಗಿರಲಾರದು. ಅಷ್ಟು ಸಮಾಧಾನ ಅವಳಿಗೆ ಬಾಗಿಲು ಬಡಿಯುವ ಮೊದಲೇ ಆಗಿತ್ತು.

“ಚಾ ಮಾಡ್ಲಿ?” ಎಂದರು ಖಾಲಾ.

“ಆಮ್ಯಾಲ ಕುಡಿಯೂಣು. ಕುಂದರ್ರಿ ನೀವು.” ಈ ಸಲ ಖುಶ್ನುಮಾಳೂ ಕನ್ನಡಕ್ಕೆ ಹೊರಳಿದಳು.

ಅವಳು ಚೀಲದಿಂದ ಮೊಬೈಲು ತೆಗೆದಳು. ಅದಕ್ಕೆ ಗಿಡ್ಡ ವೈರಿನಿಂದ ಹೆಬ್ಬೆರಳ ಗಾತ್ರದ ಒಂದು ಕರಿ ಡಬ್ಬಿಯನ್ನು ಸಿಕ್ಕಿಸಿದಳು. ಡಬ್ಬಿಗೆ ಒಂದು ಪುಟ್ಟ ಏರಿಯಲ್.

“ಏನವಾ ಇದು? ಮೊಬೈಲಿಗೆ ಬಾಲ ಬಂದೈತಿ!”

“ರೇಡಿಯೋ ಖಾಲಾ. ಡಬ್ಬಿ ಹಿಡೀತೈತಿ, ಉಳಿದ ಕೆಲಸಾ ಎಲ್ಲಾ ಮೊಬೈಲಿನ ಒಳಗಿನ ಸಾಫ್ಟ್‌ವೇರ್ ಮಾಡತೈತಿ. ಮೊದಲ ನಮ್ಮ ಆಫೀಸಿನ್ಯಾಗ ಇಂಥಾದ್ದಕ್ಕ ಒಂದ ಕಪಾಟಿನಷ್ಟ ಮಶೀನ ಇರ್ತಿತ್ತು.”

“ಹಾಡ ಬರತಾವೇನ?”

“ಬರತಾವು. ಹಾಡಷ್ಟ ಅಲ್ಲ, ಹಾಡ ಕೇಳಾವರೂ ಕಾಣ್ತಾರ.”

ಖಾಲಾ ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡರು. ಅವರ ಕಣ್ಣು ಹಿಂದಿನ ಕೋಣೆಯ ಮುಚ್ಚಿದ ಬಾಗಿಲಿಗೆ ಹೋಗಿ ಬಂತು.

ರೇಡಿಯೋ ಬರೀ ಕೇಳುತ್ತದೆ ಎಂದು ಜನ ತಿಳಿದಿರುತ್ತಾರೆ. ಹಳೆಯ ರೇಡಿಯೋ ಒಂದು ಸ್ಟೇಶನ್ ಹಿಡಿಯಬೇಕಾದರೆ ತನ್ನ ಹೊಟ್ಟೆಯೊಳಗೆ ತನ್ನದೇ ಒಂದು ಸಣ್ಣ ತರಂಗವನ್ನು ಹುಟ್ಟಿಸಿಕೊಳ್ಳಬೇಕು. ಅದರಲ್ಲೊಂದು ಚೂರು ಹೊರಗೆ ಸೋರುತ್ತದೆ. ಗೋಡೆಯೊಂದನ್ನು ದಾಟುವಷ್ಟು ಮಾತ್ರ, ಅದಕ್ಕಿಂತ ಹೆಚ್ಚಿಲ್ಲ. ಕೇಳುವ ಸ್ಟೇಶನ್ ಯಾವುದಿದ್ದರೂ ಅದಕ್ಕಿಂತ ಯಾವಾಗಲೂ ಒಂದೇ ಅಂತರದಷ್ಟು ಮೇಲೆ ಈ ಸೋರಿಕೆ ಇರುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸದ್ದಿಲ್ಲದೆ ಕೇಳಿದರೂ ಅದು ನಿಲ್ಲುವುದಿಲ್ಲ.

ಖುಶ್ನುಮಾ ಮೊಬೈಲಿನ ಪರದೆಯನ್ನು ಅಲ್ಲಿಗೆ ಸರಿಸಿದಳು. ನೀಲಿ ಬಣ್ಣ ಮೇಲಿನಿಂದ ಕೆಳಗೆ ಇಳಿಯುತ್ತಿತ್ತು. ನಡುವೆ ಒಂದು ತೆಳ್ಳನೆಯ ಹಳದಿ ಗೆರೆ, ಯಾರೋ ಸೂಜಿಯಿಂದ ಎಳೆದಂತೆ.

“ಖಾಲಾ, ಒಂದ ರೇಡಿಯೋ ಹತ್ತೇತಿ ಮನ್ಯಾಗ.”

“ಹತ್ತಿರಬೇಕಲ್ಲ!” ಖಾಲಾ ಥಟ್ಟನೆ ಕಪಾಟಿನ ಮೇಲೆ ಕೈ ತೋರಿಸಿದರು. “ಅಜಾನಿನ ಡಬ್ಬಿ. ಓಣಿ ತುಂಬ ಎಲ್ಲಾರ ಮನ್ಯಾಗೂ ಐತಿ. ಮಸೀದಿಯಿಂದ ಅಜಾನ್ ಬರತೈತಿ, ಯಾರರ ತೀರಕೊಂಡ್ರ ಸುದ್ದಿ ಬರತೈತಿ. ನಿನಗ ಗೊತ್ತಿಲ್ಲೇನ?”

“ಗೊತ್ತೈತಿ. ಒಂದ ಗಳಿಗಿ ಬಂದ ಮಾಡ್ಲಿ?”

ಖುಶ್ನುಮಾ ಎದ್ದು ಆ ಪುಟ್ಟ ಡಬ್ಬಿಯ ಪ್ಲಗ್ಗನ್ನು ಮೆಲ್ಲಗೆ ತೆಗೆದಳು. ಅದರ ಕೆಂಪು ದೀಪ ಆರಿತು.

ಪರದೆಯ ಮೇಲಿನ ಗೆರೆ ಹಾಗೇ ಇತ್ತು.

ಅವಳು ಪ್ಲಗ್ಗನ್ನು ತಿರುಗಿ ಹಾಕಿದಳು. ಮುದುಕಿಯೊಬ್ಬರಿಗೆ ಓಣಿಯ ಸುದ್ದಿ ಮುಟ್ಟಿಸುವ ಡಬ್ಬಿ ಅದು, ಮರೆತು ಹಾಗೇ ಬಿಡಬಾರದು.

“ಬಾಜು ಮನೀದು ಇರಬೇಕ ತಗಿ,” ಎಂದರು ಖಾಲಾ.

“ಇರಬಹುದು.”

ಖುಶ್ನುಮಾ ವಾದ ಮಾಡಲಿಲ್ಲ. ಗೋಡೆಗೆ ಒರಗಿ ಕುಳಿತು, ಕಾಲು ಚಾಚಿ, ಸುಮ್ಮನೆ ಹೊತ್ತು ಕಳೆಯುವವಳಂತೆ ಗಟ್ಟಿಯಾಗಿ ಹೇಳಿದಳು. “ಈ ಧಾರವಾಡ ಸ್ಟೇಶನ್‌ದಾಗ ಈಗ ಬರೇ ಸಿನಿಮಾ ಹಾಡ, ಖಾಲಾ. ಕೊಲ್ಲಾಪುರ ಕಡಿ ಹಚ್ಚಿದ್ರ ಈ ಹೊತ್ತಿನ್ಯಾಗ ಅಭಂಗ ಬರತಿರಬೇಕು. ವಿಠ್ಠಲನ ಅಭಂಗ. ಏನ ಇಂಪ ಇರತಾವು!”

ಹೊರಗೆ ಯಾರೋ ಕೊಡ ಇಟ್ಟ ಸದ್ದು.

ಪರದೆಯ ಮೇಲೆ ಗೆರೆ ಅಲುಗಿತು. ಮೊದಲು ಹಿಂಜರಿದಂತೆ ಒಂದಿಷ್ಟು. ಆಮೇಲೆ ಹಂತಹಂತವಾಗಿ ಬದಿಗೆ ಸರಿಯುತ್ತ ಹೋಯಿತು. ಗೋಡೆಯಾಚೆ ವಯಸ್ಸಾದ ಬೆರಳುಗಳು ರೇಡಿಯೋದ ಕಿವಿ ಹಿಂಡುತ್ತಿದ್ದವು. ಸ್ವಲ್ಪ ದಾಟಿ ಹೋಯಿತು, ತಿರುಗಿ ಬಂತು, ಒಂದು ಕಡೆ ನಿಂತಿತು.

ಖುಶ್ನುಮಾಗೆ ನಗು ಬಂತು. ದೇವರ ಹೆಸರಿಗೆ ಮೋಸಹೋದ ಆ ಕೈಗಳನ್ನು ಅವಳು ಇನ್ನೂ ನೋಡಿರಲಿಲ್ಲ.

“ಖಾಲಾ,” ಎಂದಳು ಮೆಲ್ಲಗೆ, “ಮುತ್ತಪ್ಪ ಕಾಕಾಗ ಹೊರಗ ಬಾ ಅನ್ರಿ. ನಾ ಪೊಲೀಸ್ ಅಲ್ಲ ಈಗ. ಪೂನಮ ಕಳಿಸ್ಯಾಳ ನನ್ನ.”

ಜೈತುನಬೀ ಎದ್ದು ನಿಂತರು. ಸಣ್ಣ ದೇಹ. ಆದರೂ ಹಿಂದಿನ ಕೋಣೆಯ ಬಾಗಿಲಿಗೆ ಅಡ್ಡ ನಿಂತಾಗ ಆ ಬಾಗಿಲು ತುಂಬಿತು.

“ಯಾರೂ ಇಲ್ಲ ಅಂದ್ನೆಲ್ಲ.”

“ಖಾಲಾ.”

“ಯಾರೂ ಇಲ್ಲ! ನನ್ನ ಮನ್ಯಾಗ ಬಂದು ನನ್ನ ಸುಳ್ಳ ಹೇಳಾಕಿ ಅಂತೀಯೇನ? ನಿಮ್ಮವ್ವ ಇದ್ದಿದ್ರ ನಿನ್ನ ಕಿವಿ ಹಿಂಡತಿದ್ಲು.”

“ಹಿಂಡ್ರಿ. ಅವ್ವನ ಬದಲಿ ನೀವ ಹಿಂಡ್ರಿ.” ಖುಶ್ನುಮಾ ತಲೆ ಬಾಗಿಸಿ ಹತ್ತಿರ ಹೋದಳು. “ಆದ್ರ ಆ ಹೊಸಾ ಪಾತೇಲಿ ಯಾರಿಗೆ ತಂದ್ರಿ, ಅದಷ್ಟ ಹೇಳ್ರಿ.”

ಖಾಲಾ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಅವರ ಬೆನ್ನ ಹಿಂದೆ ಚಿಲಕ ಸರಿದ ಸದ್ದಾಯಿತು. “ಸರೀರಿ ವೈನಿ,” ಎಂದಿತು ಒಂದು ದನಿ. “ಸಾಕ. ನನ್ನ ಸಲುವಾಗಿ ಇನ್ನೆಷ್ಟ ಸುಳ್ಳ ಹೇಳ್ತೀರಿ?”

ಮುತ್ತಪ್ಪನವರು ಹೊರಗೆ ಬಂದರು. ಬಿಳಿ ಅಂಗಿ, ಕೊರಳಲ್ಲಿ ತುಳಸಿ ಮಾಲೆ, ಕೈಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಹಳೆಯ ರೇಡಿಯೋ. ಒಂದು ಕಿವಿಯಲ್ಲಿ ಇಯರ್‌ಫೋನ್ ಇನ್ನೂ ಇತ್ತು. ಮೈಮೇಲಿನ ಅಂಗಿ ಮುನಾಫ ಅವರದ್ದೆಂದು ಖುಶ್ನುಮಾ ಗುರುತು ಹಿಡಿದಳು. ತೋಳು ಉದ್ದವಾಗಿದ್ದಕ್ಕೆ ಖಾಲಾ ಮಡಿಸಿ ಹೊಲಿಗೆ ಹಾಕಿಕೊಟ್ಟಿದ್ದರು.

ಅವರು ಕೇಳಿದ ಮೊದಲ ಮಾತು ಮುಖವಾಡದ್ದಲ್ಲ, ದೂರಿನದ್ದೂ ಅಲ್ಲ. “ಪೂನಮ ಚಲೋ ಅದಾಳೇನ?”

“ಅದಾಳ ಕಾಕಾ. ನಿಮ್ಮ ಊಟದ ಚಿಂತಿ ಆಕಿಗೆ.”

“ಈ ವಾರ ರಾತ್ರಿ ಪಾಳಿ ಇರಬೇಕಲ್ಲ?”

“ಹೌದು.”

“ಹಂಗಾರ ಈಗ ಮಲಗಿರ್ತಾಳ. ಫೋನ ಬಂದ ಮಾಡಿ ಮಲಗೂ ರೂಢಿ ಆಕೀದು. ಎಬ್ಬಸಬ್ಯಾಡ್ರಿ. ಎದ್ದ ಮ್ಯಾಲ ಹೇಳೂಣು.” ಅವರು ನೆಲದ ಮೇಲೆ ಕುಳಿತರು. “ಅಭಂಗ ಬರಲೇ ಇಲ್ಲವಾ. ಬರೇ ಗರ್ರ್ ಅಂತಿತ್ತು.”

“ತಪ್ಪಾತು ಕಾಕಾ. ನಿಮ್ಮನ್ನ ಹುಡುಕಾಕ ಹಂಗ ಅಂದೆ.”

ಮುತ್ತಪ್ಪನವರು ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕರು. “ಭಾಳ ಶ್ಯಾಣೇಕಿ ಅದೀ ನೀ. ಎಮ್ಮಿಗೆ ಹುಲ್ಲ ತೋರಿಸಿ ಕೊಟ್ಟಿಗ್ಯಾಗ ಹೊಗಿಸಿದಂಗ ಆತು.”

ಖಾಲಾ ಮಾತ್ರ ನಗಲಿಲ್ಲ. ಬಾಗಿಲಿನಲ್ಲೇ ನಿಂತು ಉರ್ದು, ಕನ್ನಡ ಎರಡನ್ನೂ ಬೆರೆಸಿ ಹೇಳತೊಡಗಿದರು. ತಮ್ಮ ಮದುವೆಯಾದ ಹೊಸತು. ರಂಜಾನ್ ತಿಂಗಳಲ್ಲಿ ಮುನಾಫರ ಟೆಂಪೋ ಹಟ್ಟಿಯ ದಾರಿಯಲ್ಲಿ ಹೂತು ಅವರು ಕೆಲವು ದಿನ ಅಲ್ಲೇ ಉಳಿಯಬೇಕಾಯಿತು. ರೋಜಾ ಹಿಡಿಯುವವರು ಬೆಳಗಾಗುವ ಮೊದಲೇ ಉಣ್ಣಬೇಕೆಂದು ತಿಳಿದು, ಮುತ್ತಪ್ಪನವರ ಹೆಂಡತಿ ಸಾವಂತ್ರವ್ವ ಕತ್ತಲಲ್ಲಿ ಎದ್ದು ಒಲೆ ಹೊತ್ತಿಸಿ ಬಿಸಿ ರೊಟ್ಟಿ ಬಡಿದು ಕೊಡುತ್ತಿದ್ದಳಂತೆ. ಮುನಾಫ ಬೇಡವೆಂದರೂ ಕೇಳುತ್ತಿರಲಿಲ್ಲವಂತೆ. “ನಮ್ಮವರು ಸಾಯೂತನಕಾ ಆ ರೊಟ್ಟಿ ನೆನಸ್ತಿದ್ರು. ಈಗ ಸಾವಂತ್ರವ್ವ ಇಲ್ಲ, ಅವರೂ ಇಲ್ಲ. ಒಂದ ಪಾತೇಲಿ ತಂದ್ರ ಏನ ದೊಡ್ಡದಾತು?”

“ಏನೂ ತಪ್ಪಿಲ್ಲ ಖಾಲಾ,” ಎಂದಳು ಖುಶ್ನುಮಾ. “ಆದ್ರ ನಾಳಿ ಮುಂಜಾನಿಗೆ ಕಾಕಾ ಕಳ್ಳ ಆಗ್ತಾರ. ಕಾಕಾ, ಮುಖವಾಡ ಎಲ್ಲೈತಿ?”

“ನಾ ಕದ್ದಿಲ್ಲ.” ಮುತ್ತಪ್ಪನವರು ರೇಡಿಯೋದ ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತಿಕೊಂಡರು. “ಕದ್ದಾಂವನ ಕಡಿಂದ ತಂದೀನಿ. ಹುಲ್ಲಿನ ಬಣಿವ್ಯಾಗ ಮುಚ್ಚಿಟ್ಟಿದ್ದಾ. ಎಮ್ಮಿ ಹುಲ್ಲ ಜಗ್ಗಿದಾಗ ಹೊರಗ ಬಂತು. ದೇವಿ ಮಾರಿ ಹುಲ್ಲಿನ ಒಳಗಿಂದ ನನ್ನ ನೋಡಾಕತ್ತಿತ್ತವಾ.”

“ಯಾರ ಬಣಿವಿ?”

ಅವರು ರಬ್ಬರ್ ಬ್ಯಾಂಡನ್ನು ಬಿಚ್ಚಿ ಮತ್ತೆ ರೇಡಿಯೋಕ್ಕೆ ಸುತ್ತತೊಡಗಿದರು.

“ತಿರಗಿ ಗುಡ್ಯಾಗ ಇಟ್ಟು ಬರಬೇಕಿತ್ತಲ್ಲ?”

“ಹೋದೆ. ಅಷ್ಟರಾಗ ಪಂಚರು ಹೊಸಾ ಕೀಲಿ ಹಾಕಿದ್ರು.”

“ರಾಮಲಿಂಗಣ್ಣನ ಕೈಯಾಗ ಕೊಡಬೇಕಿತ್ತು. ಅವರು ನಿಮ್ಮ ಸಲುವಾಗೇ ಕಾಯಾಕತ್ತಾರ.”

“ಕೊಟ್ರ ಕೇಳ್ತಾನ, ಎಲ್ಲಿ ಸಿಕ್ಕಿತು ಅಂತ. ನಾ ಮಾಳಕರಿ. ಮಾಲಿ ಹಾಕ್ಕೊಂಡ ದಿನದಿಂದ ಸುಳ್ಳ ಆಡಿಲ್ಲ. ಖರೇ ಹೇಳಿದ್ರ ಒಂದ ಜೀವದ ಬಾಳೇವು ಹಾಳಾಗತೈತಿ. ಅದಕ್ಕ ಬಾಯಿ ಮುಚಗೊಂಡ ಬಂದಬಿಟ್ಟೆ. ಕೇಳಾವರು ಇಲ್ಲದ ಕಡಿ ಇದ್ರ ಹೇಳೂ ಗರಜ ಇಲ್ಲಲ್ಲ?”

“ಅದಕ್ಕ ನಾ ಅಂದೆ,” ಖಾಲಾ ನಡುವೆ ಬಾಯಿ ಹಾಕಿದರು, “ನೀ ಸುಮ್ನ ಕುಂದರು ಮುತ್ತಣ್ಣ, ಸುಳ್ಳ ಎಲ್ಲಾ ನಾ ಹೇಳ್ತೀನಿ, ಅಲ್ಲಾನ ಮುಂದ ನಾ ಲೆಕ್ಕಾ ಕೊಡ್ತೀನಿ ಅಂತ.”

ಖುಶ್ನುಮಾ ಇಬ್ಬರನ್ನೂ ನೋಡಿದಳು. ಇಷ್ಟು ವರ್ಷಗಳಲ್ಲಿ ಅವಳು ಓಡಿಹೋದವರನ್ನು ಬಹಳ ಜನರನ್ನು ಹುಡುಕಿದ್ದಳು. ಸುಳ್ಳು ಹೇಳಲು ಬಾರದೆ ಓಡಿಬಂದವರನ್ನು ನೋಡಿದ್ದು ಇದೇ ಮೊದಲು.

“ಆತು. ಯಾರು ಅಂತ ನಾ ಕೇಳೂದಿಲ್ಲ. ಅದು ಎಲ್ಲೈತಿ, ಅಷ್ಟ ಹೇಳ್ರಿ. ಇಂದ ಸಂಜಿಕ ನಾ ರಾಮಲಿಂಗಣ್ಣಗ ಮುಟ್ಟಸ್ತೀನಿ. ನನ್ನ ಬಾಯಿಂದ ಯಾರ ಹೆಸರೂ ಬರೂದಿಲ್ಲ, ಯಾಕಂದ್ರ ನನಗ ಗೊತ್ತೇ ಇಲ್ಲ.”

ಮುತ್ತಪ್ಪನವರು ಕಿವಿಯಿಂದ ಇಯರ್‌ಫೋನ್ ತೆಗೆದು, ರೇಡಿಯೋ ಆರಿಸಿ, ಪಕ್ಕಕ್ಕೆ ಇಟ್ಟರು.

“ಪೂನಮನ ಮನ್ಯಾಗ ಐತಿ. ಈ ವರ್ಷದ ಅಕ್ಕಿ ಒಂದ ಚೀಲ ಕೊಟ್ಟು ಬಂದೀನಿ ಆಕಿಗೆ. ಅದರ ತಳದಾಗ. ಆಕಿಗೆ ಗೊತ್ತಿಲ್ಲ. ಚೀಲಾ ಇನ್ನೂ ಬಿಚ್ಚಿರಾಕಿಲ್ಲ.”

ಖುಶ್ನುಮಾ ನಿಡಿದಾಗಿ ಉಸಿರು ಬಿಟ್ಟಳು. ಮುಗಿಯಿತು. ಸಂಜೆಯೊಳಗೆ ಖಾನಾಪುರ, ರಾತ್ರಿಯೊಳಗೆ ದೇವಿ ಗುಡಿಯಲ್ಲಿ. ಮುತ್ತಪ್ಪನವರು ತಮ್ಮ ಮನೆಯಲ್ಲಿ.

ಖಾಲಾ ಚಹಾ ಇಡಲು ಹೋದರು. ಖುಶ್ನುಮಾ ಮೊಬೈಲು ಕೈಗೆತ್ತಿಕೊಂಡಳು. ರೇಡಿಯೋ ಆರಿದ್ದರಿಂದ ಆ ಹಳದಿ ಗೆರೆ ಮಾಯವಾಗಿತ್ತು. ಡಬ್ಬಿ ಬಿಚ್ಚುವ ಮೊದಲು ಅವಳು ಸುಮ್ಮನೆ ರೂಢಿಯಿಂದ ಪರದೆಯನ್ನು ಕೆಳಗಿನ ಸ್ಟೇಶನ್‌ಗಳತ್ತ ಸರಿಸಿದಳು. ಧಾರವಾಡ ಬಂತು. ಪಟ್ಟಣದ ಇನ್ನೊಂದು ಸ್ಟೇಶನ್ ಬಂತು. ಅವೆರಡರ ನಡುವೆ, ಏನೂ ಇರಬಾರದ ಜಾಗದಲ್ಲಿ, ದಪ್ಪನೆಯ ಕೆಂಪು ಪಟ್ಟಿಯೊಂದು ಇತ್ತು.

“ಸಕ್ಕರಿ ಎಷ್ಟ ಹಾಕ್ಲಿ?” ಒಳಗಿನಿಂದ ಖಾಲಾ ಕೂಗಿದರು.

ಪಟ್ಟಿ ನಡುಗಿತು. ಖಾಲಾ ಸುಮ್ಮನಾದಾಗ ಅದೂ ಸುಮ್ಮನಾಯಿತು.

ಖುಶ್ನುಮಾ ಒಮ್ಮೆ ಕೆಮ್ಮಿದಳು. ಪಟ್ಟಿ ಎರಡೂ ಬದಿಗೆ ಹಿಗ್ಗಿ ಕುಗ್ಗಿತು.

ಇದು ಕೇಳುವ ರೇಡಿಯೋದ ಸೋರಿಕೆಯಲ್ಲ. ಇದು ಮಾತಾಡುವ ಯಂತ್ರ. ಈ ಮನೆಯ ಮಾತನ್ನು ಹೊತ್ತು ಹೊರಗೆ ಹಾಕುತ್ತಿರುವ ಮೈಕು.

ಮುತ್ತಪ್ಪನವರು ಏನೋ ಕೇಳಲು ಬಾಯಿ ತೆರೆದರು. ಅವಳು ತುಟಿಯ ಮೇಲೆ ಬೆರಳಿಟ್ಟಳು. ಅವರ ಇಯರ್‌ಫೋನನ್ನು ತನ್ನ ಮೊಬೈಲಿಗೆ ಸಿಕ್ಕಿಸಿ, ಅವರ ಕಿವಿಗೆ ಇಟ್ಟಳು. ಅವರ ಕಣ್ಣು ದೊಡ್ಡದಾಯಿತು. ಅಡುಗೆಮನೆಯಲ್ಲಿ ಖಾಲಾ ಚಹಾ ಸೋಸುವ ಸದ್ದು, ಅವರ ಬಳೆಯ ಸದ್ದು, ಮುತ್ತಪ್ಪನವರ ಕಿವಿಯೊಳಗೇ ಕೇಳುತ್ತಿತ್ತು.

ಅವಳು ಏರಿಯಲ್ಲನ್ನು ಬಿಚ್ಚಿದಳು. ಈಗ ಬಹಳ ಹತ್ತಿರ ಹೋದರೆ ಮಾತ್ರ ಪಟ್ಟಿ ಕಾಣಬೇಕು. ಬರಿಗಾಲಲ್ಲಿ ಹೆಜ್ಜೆ ಹೆಜ್ಜೆಯಾಗಿ ನಡೆದಳು. ಕಪಾಟಿನ ಹತ್ತಿರ ಮಸುಕು. ಮಂಚದ ಹತ್ತಿರ ಮಸುಕು. ಹಿಂದಿನ ಕೋಣೆಯ ಕಿಟಕಿಯ ಹತ್ತಿರ ಹೋದಾಗ ಪಟ್ಟಿ ಕೆಂಡದಂತೆ ಕೆಂಪಾಯಿತು.

ಕಿಟಕಿ ಅರ್ಧ ತೆರೆದಿತ್ತು. ಸರಳಿನ ಹೊರಬದಿಗೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ. ಅದರಿಂದ ಹೊರಟ ವೈರಿನ ತುದಿಯಲ್ಲಿ ಕಾಳಿನಷ್ಟು ಮೈಕು. ಸಮಾರಂಭಗಳಲ್ಲಿ ಭಾಷಣ ಮಾಡುವವರ ಕೊರಳಪಟ್ಟಿಗೆ ಸಿಕ್ಕಿಸುವಂಥದ್ದು. ಡಬ್ಬಿಯನ್ನು ಸಣ್ಣ ಹುರಿಯಿಂದ ಸರಳಿಗೆ ಕಟ್ಟಿದ್ದರು.

ಇಂಥದಕ್ಕೆ ಹಾಕಿದ ಬ್ಯಾಟರಿ ಒಂದು ಹಗಲೂ ಪೂರ್ತಿ ಬಾಳುವುದಿಲ್ಲ. ಅಂದರೆ ಇವತ್ತೇ ಯಾರೋ ಇಲ್ಲಿಗೆ ಬಂದಿದ್ದಾರೆ. ಅದರ ಮಾತು ಓಣಿಯ ತುದಿ ದಾಟುವುದಿಲ್ಲ. ಅಂದರೆ ಕೇಳುವವರು ಓಣಿಯಲ್ಲೇ ಇದ್ದಾರೆ.

ಅವಳು ನಾಲಿಗೆ ಕಚ್ಚಿಕೊಂಡಳು. ಅಕ್ಕಿ ಚೀಲದ ಮಾತು. ಪೂನಮಳ ಮನೆಯ ಮಾತು. ಎಲ್ಲವನ್ನೂ ತಾನೇ ಕೇಳಿ ಕೇಳಿ ಹೇಳಿಸಿದ್ದಳು.

ಅವಳು ಪೂನಮಳಿಗೆ ಸಂದೇಶ ಬರೆದಳು: ಕೂಡಲೇ ಮನೆಗೆ ಬೀಗ ಹಾಕಿ ಆಸ್ಪತ್ರೆಗೆ ಹೋಗು. ಸಂದೇಶದ ಪಕ್ಕ ಒಂದೇ ಗುರುತು ಮೂಡಿ ನಿಂತಿತು. ಅದು ಮುಟ್ಟಲಿಲ್ಲ. ಖಾನಾಪುರದ ಠಾಣೆಯಲ್ಲಿದ್ದ ಹಳೆಯ ಗೆಳತಿಯೊಬ್ಬಳಿಗೆ, ಪೂನಮಳ ಮನೆಗೆ ಹೋಗಿ ನೋಡೆಂದು ಬರೆದಳು. ಇಲ್ಲಿಂದ ಹೋಗಿ ಮುಟ್ಟಲು ಯಾರಿಗಾದರೂ ಹೊತ್ತು ಬೇಕು. ಆದರೆ ಕೇಳಿದವರು ಖಾನಾಪುರದಲ್ಲಿರುವ ಇನ್ನೊಬ್ಬರಿಗೆ ಫೋನ್ ಮಾಡಿದರೆ?

ಅವಳು ಮೊಬೈಲನ್ನು ಮುತ್ತಪ್ಪನವರಿಗೆ ತೋರಿಸಿದಳು. ಅವರು ಓದಿದರು. ಅಂಗೈಯನ್ನು ಕೆನ್ನೆಗೆ ಇಟ್ಟು, ಕಣ್ಣು ಮುಚ್ಚಿ ತೋರಿಸಿದರು. ಮಗಳು ಮಲಗಿದ್ದಾಳೆ.

ಆಮೇಲೆ ಅವರು ಕಿಟಕಿಗೆ ಬಂದರು. ಖುಶ್ನುಮಾ ಮೈಕನ್ನು ತೋರಿಸಿದಳು. ಅವರು ಮೈಕನ್ನು ನೋಡಲಿಲ್ಲ. ಹುರಿಯನ್ನು ನೋಡಿದರು. ಕಟ್ಟಿದ ಗಂಟನ್ನು ನೋಡಿದರು, ತಮ್ಮ ಹಟ್ಟಿಯಲ್ಲಿ ಎಮ್ಮೆ ಕಟ್ಟುವಂಥ ಗಂಟು. ಸರಳಿನಾಚೆ ಬೆರಳು ಚಾಚಿ ಆ ಗಂಟನ್ನು ಒಮ್ಮೆ ಮುಟ್ಟಿದರು, ಬಿಸಿ ತಾಗಿದಂತೆ ಹಿಂದೆಗೆದರು.

ಖಾಲಾ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇಬ್ಬರ ಮುಖ ನೋಡಿ, ಕೇಳದೆಯೇ ಸುಮ್ಮನಾದರು.

ಮುತ್ತಪ್ಪನವರು ಕೊರಳ ಮಾಲೆಯನ್ನು ಕೈಗೆ ತೆಗೆದುಕೊಂಡರು. ಬಿಚ್ಚುತ್ತಾರೇನೋ ಎಂದು ಖುಶ್ನುಮಾಗೆ ಅನ್ನಿಸಿತು. ಬಿಚ್ಚಲಿಲ್ಲ. ಮುಷ್ಟಿಯೊಳಗೆ ಮಾಲೆಯನ್ನು ಮುಚ್ಚಿಟ್ಟುಕೊಂಡು, ಕಿಟಕಿಗೆ ಮುಖ ಕೊಟ್ಟು, ಗಟ್ಟಿಯಾಗಿ ಹೇಳಿದರು.

“ಕೇಳವಾ, ಈಗ ನಾ ಹೇಳಿದ್ದು ಸುಳ್ಳ. ಪೂನಮನ ಮನ್ಯಾಗ ಏನೂ ಇಲ್ಲ. ಅಕ್ಕಿ ಚೀಲದಾಗ ಬರೇ ಅಕ್ಕಿ ಐತಿ.”

ಅವರ ದನಿ ನಡುಗಿತು. ಪರದೆಯ ಮೇಲಿನ ಪಟ್ಟಿಯೂ ಅದರೊಂದಿಗೆ ನಡುಗಿತು.

“ದೇವಿ ಮುಖವಾಡ ನನ್ನ ಕಡೇನ ಐತಿ. ಇಲ್ಲೇ, ವೈನಿ ಮನ್ಯಾಗ, ನನ್ನ ಹಾಸಗಿ ಒಳಗ. ಆ ಹುಡುಗಿ ರಾತ್ರಿ ಎಲ್ಲಾ ಮಂದಿ ಸೇವಾ ಮಾಡಿ ಮಲಗ್ಯಾಳ. ಆಕಿ ತಂಟೇಕ ಯಾರೂ ಹೋಗಬಾರದು. ಬೇಕಾದಾಂವ ನನ್ನ ಕಡೆ ಬರಲಿ. ನಾ ಬೈಯೂದಿಲ್ಲ. ಬಡಿಯೂದಿಲ್ಲ.” ಅವರು ಉಗುಳು ನುಂಗಿದರು. “ಹೊಟ್ಟಿತುಂಬ ಉಂಡು ಎಷ್ಟ ದಿನಾ ಆಗೇತೋ ಏನೋ ಅವಗ.”

ಖಾಲಾ ಚಹಾದ ಬಟ್ಟಲನ್ನು ನೆಲಕ್ಕಿಟ್ಟರು. ಮುತ್ತಪ್ಪನವರು ಗೋಡೆ ಹಿಡಿದುಕೊಂಡು ಕುಳಿತರು. ಖುಶ್ನುಮಾ ಅವರ ಪಕ್ಕ ಮೊಣಕಾಲೂರಿ ಅವರ ಬೆನ್ನ ಮೇಲೆ ಕೈ ಇಟ್ಟಳು. ಅಂಗಿ ಬೆವರಿನಿಂದ ತೊಯ್ದಿತ್ತು.

ಓಣಿಯಲ್ಲಿ ಒಂದು ಮೋಟರ್ ಸೈಕಲ್ ಚಾಲೂ ಆಯಿತು. ಮೂವರೂ ಉಸಿರು ಹಿಡಿದರು. ಖಾನಾಪುರದ ಕಡೆ ಹೋಯಿತೇ? ಇಲ್ಲ. ಸದ್ದು ದೂರವಾಗಲಿಲ್ಲ. ಹತ್ತಿರ ಬಂತು. ಮನೆಯ ಮುಂದೆ ಬಂದು ನಿಂತಿತು.

ಮುಂಬಾಗಿಲನ್ನು ಯಾರೋ ತಟ್ಟಿದರು. ಜೋರಾಗಿ ಅಲ್ಲ.

ಖುಶ್ನುಮಾ ಖಾಲಾರಿಗೆ ಅಲ್ಲೇ ಇರಲು ಕೈಸನ್ನೆ ಮಾಡಿ, ಮುಂದಿನ ಕೋಣೆಗೆ ನಡೆದಳು. ಬಾಗಿಲ ಕೆಳಗಿನ ಸಂದಿಯಲ್ಲಿ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಆ ಬೆಳಕನ್ನು ಎರಡು ಜೋಡಿ ಕಾಲುಗಳು ಮರೆಮಾಡಿದ್ದವು. ಒಂದು ಜೋಡಿ ಬರಿಗಾಲು. ಅದರ ಹಿಂದೆ, ಅದನ್ನು ಮುಂದೆ ನೂಕಿ ತಂದು ಒತ್ತಿ ನಿಂತಂತೆ, ಒಂದು ಜೋಡಿ ಬೂಟು.

ಮತ್ತೆ ಬಾಗಿಲು ತಟ್ಟಿದ ಸದ್ದಾಯಿತು. ಅಳು ನುಂಗಿಕೊಂಡ ಗಂಡುದನಿಯೊಂದು ಹೊರಗಿನಿಂದ ಕರೆಯಿತು.

“ಅಪ್ಪಾ... ನಾ ಮಾಯಪ್ಪ. ಬಾಗಿಲಾ ತಗೀಬ್ಯಾಡ.”